ಹಸಿರು ಉಂಟಾ?

ಶನಿವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಒಳಗೆ ಹಸಿರು ಉಂಟಾ ನೋಡಿ ಮಾರಾಯ್ರೇ."

ಹೇಳಿದವರು ಕರಾವಳಿ ಕಡೆಯ ಒಂದು ಸಣ್ಣ ನರ್ಸರಿಯ ಹೆಂಗಸು. ಅವರ ಮುಖ ನಾನು ನೋಡಿಲ್ಲ. ಅವರಿಂದ ಒಂದು ಸುರಗಿ ಗಿಡ ತರಿಸಿದ್ದೆ. ಕಸಿ ಗಿಡ. ಗಿಡಕ್ಕೆ 350 ರೂಪಾಯಿ, ಕೊರಿಯರ್‌ಗೆ 200.

ತುಮಕೂರಿನ ನರ್ಸರಿಗಳಲ್ಲಿ ಸುರಗಿ ಕೇಳಿದರೆ ಸಂಪಿಗೆ ತೋರಿಸುತ್ತಾರೆ. ನನಗೆ ಸುರಗಿಯೇ ಬೇಕಿತ್ತು. ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜಿ ಮನೆಯ ಹಿತ್ತಲಾಚೆ ಒಂದು ದೊಡ್ಡ ಮರ ಇತ್ತು. ಸುರಗಿ ಹೂ ಉಳಿದ ಹೂಗಳ ಹಾಗೆ ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ. ಹಳೆಯ ಕೊಂಬೆಯ ತೊಗಟೆಗೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಡುತ್ತದೆ. ಬಿಳಿ ಎಸಳು, ನಡುವೆ ಹಳದಿ ಕೇಸರ. ಬೇಸಿಗೆ ಶುರುವಾಗುವ ಹೊತ್ತಿಗೆ, ಬೆಳಗಿನ ಜಾವದಲ್ಲಿ, ಜೇನು ಮುತ್ತುವ ಮೊದಲೇ ಕೊಯ್ಯಬೇಕು. ಪೋಣಿಸಿ ಒಣಗಿಸಿದರೂ ಪರಿಮಳ ಹೋಗುವುದಿಲ್ಲ. ಅಜ್ಜಿಯ ಟ್ರಂಕಿನಲ್ಲಿ ಸೀರೆಗಳ ಮಧ್ಯೆ ಕಂದು ಬಣ್ಣಕ್ಕೆ ತಿರುಗಿದ ಸುರಗಿ ಮಾಲೆ ಇರುತ್ತಿತ್ತು. ಟ್ರಂಕಿನ ಮುಚ್ಚಳ ತೆಗೆದರೆ ಇಡೀ ಕೋಣೆಗೇ ಗೊತ್ತಾಗುತ್ತಿತ್ತು. ಆ ಮರ ಈಗಿಲ್ಲ.

ಅಮ್ಮನಿಗೆ ಹೇಳಿದಾಗ ಅವಳಿಗೆ ಬೇಜಾರಾಯಿತು. "ಗಿಡ ಯಾರಾದ್ರೂ ಕೊರಿಯರಲ್ಲಿ ತರಿಸ್ತಾರೇನೇ? ಹೇಳಿದ್ರೆ ಎಲ್ಲಾದ್ರೂ ಹುಡುಕಿ ಬಸ್ಸಲ್ಲಿ ಕಳಿಸ್ತಿದ್ದೆ." ಅವಳು ಹೇಳಿದ್ದು ಸರಿಯೇ. ನಮ್ಮ ಕಡೆ ಗಿಡ ಯಾವತ್ತೂ ಹಾಗೇ ಬಂದದ್ದು. ಬುಡಕ್ಕೆ ಒದ್ದೆ ಗೋಣಿ ಸುತ್ತಿ, ಅಡಿಕೆ ಹಾಳೆಯಲ್ಲಿ ಕಟ್ಟಿ, ಗುರುತಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಂಜೆಯೊಳಗೆ ಮನೆಗೆ ಬರುತ್ತಿತ್ತು. ಆದರೆ ಬೀಜದ ಗಿಡ ಹೂ ಬಿಡಲು ವರ್ಷಾನುಗಟ್ಟಲೆ ಕಾಯಬೇಕು. ಕಸಿ ಗಿಡವಾದರೆ ಬೇಗ. ಅದಕ್ಕೇ ತರಿಸಿದೆ.

ಸೋಮವಾರವೇ ಕಳಿಸಿದ್ದರು. ಗಿಡ ಕಳಿಸುವವರು ಸಾಮಾನ್ಯವಾಗಿ ವಾರದ ಮೊದಲ ದಿನಗಳಲ್ಲೇ ಕಳಿಸುತ್ತಾರೆ. ಭಾನುವಾರ ಪೆಟ್ಟಿಗೆ ಗೋಡೌನಿನಲ್ಲಿ ಕೂರಬಾರದು ಅಂತ. ಬುಧವಾರ ಬರಬೇಕಿದ್ದದ್ದು ಬರಲಿಲ್ಲ. ಘಾಟಿಯಲ್ಲಿ ಗುಡ್ಡ ಜರಿದು ಲಾರಿಗಳು ನಿಂತಿದ್ದವು. ಕೊನೆಗೆ ಶನಿವಾರ ಮಧ್ಯಾಹ್ನ ಕೊರಿಯರ್ ಹುಡುಗ ಗೇಟಿನ ಹತ್ತಿರ ಪೆಟ್ಟಿಗೆ ಇಟ್ಟು ಹೋದ. ಮೇಲ್ಮುಖ ಅಂತ ಬರೆದ ಬಾಣದ ಗುರುತು ನೆಲ ನೋಡುತ್ತಿತ್ತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬೈಕಿನ ಹಿಂದೆ ಅವನಷ್ಟೇ ಎತ್ತರದ ಮೂಟೆ ಕಟ್ಟಿಕೊಂಡು ಮಳೆಯಲ್ಲಿ ಓಡಾಡುವವನು ಯಾವ ಬಾಣ ನೋಡಿಯಾನು?

ಪೆಟ್ಟಿಗೆ ಒಡೆಯುವಾಗ ವಿಡಿಯೋ ಮಾಡಬೇಕು, ಆಗ ಮಾತ್ರ ದೂರು ಕೇಳುತ್ತೇವೆ ಅಂತ ಮೊದಲೇ ಹೇಳಿದ್ದರು. ಮಗಳ ಕೈಯಲ್ಲಿ ಫೋನ್ ಕೊಟ್ಟು ಬಿಚ್ಚಿದೆ. ಒಳಗೆ ಹಳೇ ಪೇಪರ್, ಅದರಲ್ಲಿ ಯಕ್ಷಗಾನದ ಜಾಹೀರಾತು. ಅದರೊಳಗೆ ಬಿದಿರು ಕಡ್ಡಿಗೆ ಕಟ್ಟಿದ ಒಂದು ಅಡಿ ಉದ್ದದ ಕಾಂಡ. ಬುಡದಲ್ಲಿ ತೆಂಗಿನ ನಾರಿನ ಪುಡಿ ತುಂಬಿದ ಪ್ಲಾಸ್ಟಿಕ್ ಚೀಲ. ಮಣ್ಣಾದರೆ ಭಾರ, ನಾರಿನ ಪುಡಿ ಹಗುರ, ನೀರೂ ಹಿಡಿದಿಟ್ಟುಕೊಳ್ಳುತ್ತದೆ. ಎಲ್ಲ ಚೆನ್ನಾಗಿಯೇ ಕಟ್ಟಿದ್ದರು. ಆದರೆ ಎಲೆ? ಐದು ಎಲೆ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದವು. ಗಿಡದ ಮೇಲೆ ಇದ್ದದ್ದು ಎರಡೇ, ಅವೂ ಕಪ್ಪಾಗಿದ್ದವು. ಫೋಟೋದಲ್ಲಿ ನೋಡಿದ್ದು ಕೊಂಬೆ ತುಂಬ ಹೂ. ಕೈಯಲ್ಲಿ ಇದ್ದದ್ದು ಒಂದು ಕಡ್ಡಿ.

ನನಗೆ ಮೊದಲು ನೆನಪಾದದ್ದು ಪಕ್ಕದ ಮನೆಯವರ ನೀಲಿ ಗುಲಾಬಿ. ಹೋದ ವರ್ಷ ಅವರು ನೀಲಿ ಗುಲಾಬಿ ಬೀಜ ಅಂತ ತರಿಸಿ ಆರು ಕುಂಡದಲ್ಲಿ ಹಾಕಿದ್ದರು. ಎದ್ದದ್ದು ಯಾವುದೋ ಕಳೆ. ಪಾಪ, ತುಂಬ ಒಳ್ಳೆಯವರು, ಯಾರು ಏನು ಹೇಳಿದರೂ ನಂಬುತ್ತಾರೆ. ಗುಲಾಬಿಗೆ ನೀಲಿ ಬಣ್ಣ ಹುಟ್ಟಿನಿಂದಲೇ ಇಲ್ಲ. ಜಪಾನಿನ ಸಂಟೋರಿ ಕಂಪನಿ ವರ್ಷಗಟ್ಟಲೆ ಕಷ್ಟಪಟ್ಟು 2004ರಲ್ಲಿ ತೋರಿಸಿದ ಗುಲಾಬಿಯೂ ತೆಳು ನೇರಳೆಯೇ. ಅಂಥ ಮೋಸಗಾರರ ಸಾಲಿಗೇ ನಾನು ಈ ನರ್ಸರಿಯನ್ನೂ ಸೇರಿಸಿಬಿಟ್ಟೆ. ವಿಡಿಯೋ ಜೊತೆ ಬರೆದು ಕಳಿಸಿದೆ: "ಸತ್ತ ಕಡ್ಡಿ ಕಳಿಸಿ ದುಡ್ಡು ತಗೊಂಡಿದ್ದೀರಿ. ನಾಚಿಕೆ ಆಗಲ್ವಾ?"

ಹತ್ತು ನಿಮಿಷಕ್ಕೆ ಫೋನ್ ಬಂತು.

ಜಗಳಕ್ಕೆ ತಯಾರಾಗಿಯೇ ಎತ್ತಿದೆ. ಆ ಕಡೆ ಮಳೆಯ ಸದ್ದು, ತಗಡಿನ ಮಾಡಿನ ಮೇಲೆ ಬೀಳುವಂಥದ್ದು. ಅವರು ದುಡ್ಡಿನ ಮಾತು ಎತ್ತಲಿಲ್ಲ, ನಾನು ಬರೆದದ್ದರ ಬಗ್ಗೆಯೂ ಕೇಳಲಿಲ್ಲ. "ಗಿಡ ಈಗ ಎಲ್ಲಿ ಉಂಟು? ಬಿಸಿಲಲ್ಲಾ?" ಅಂದರು. ಇಲ್ಲ, ವರಾಂಡದಲ್ಲಿದೆ ಅಂದೆ. "ಆಯ್ತು. ಉಗುರಲ್ಲಿ ಕಾಂಡದ ಸಿಪ್ಪೆ ಒಂಚೂರು ಕೆರೆಯಿರಿ. ಒಳಗೆ ಹಸಿರು ಉಂಟಾ ನೋಡಿ ಮಾರಾಯ್ರೇ."

ಕೆರೆದೆ. ಹಸಿರಿತ್ತು. ಹೇಳಿದೆ.

"ಗಂಟಿನ ಮೇಲೆ ಕೆರೆದಿರಾ, ಕೆಳಗಾ?"

ಆಗಲೇ ನೋಡಿದ್ದು. ಕಾಂಡದ ಮಧ್ಯದಲ್ಲಿ ಕಸಿ ಕಟ್ಟಿದ ಜಾಗ, ಪ್ಲಾಸ್ಟಿಕ್ ಪಟ್ಟಿ ಸುತ್ತಿದ್ದಾರೆ. ನಾನು ಕೆರೆದದ್ದು ಅದರ ಕೆಳಗೆ. ಅಲ್ಲಿ ಹಸಿರಿದ್ದರೆ ಬೇರಿನ ಗಿಡ ಬದುಕಿದೆ ಅಂತ ಅಷ್ಟೇ. ನನಗೆ ಬೇಕಾದ ಸುರಗಿ ಇರುವುದು ಗಂಟಿನ ಮೇಲೆ. ಮತ್ತೆ ಕೆರೆದೆ. ಕಂದು. ಇನ್ನೊಂದು ಚೂರು ಕೆರೆದೆ. ತೆಳ್ಳಗೆ, ಎಳೆ ಹುಲ್ಲಿನ ಬಣ್ಣ.

"ಉಂಟು" ಅಂದೆ. ನನಗೇ ತಿಳಿಯದೆ ಅವರ ಮಾತಿನಲ್ಲೇ ಹೇಳಿದ್ದೆ.

ಆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು. ಆವತ್ತಿನಿಂದ ನಾನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿರುವುದು ಆ ಉಸಿರನ್ನು. ಅವರು ಅಷ್ಟು ಹೊತ್ತು ಉಸಿರು ಹಿಡಿದುಕೊಂಡು ಕಾಯುತ್ತಿದ್ದರು. 350 ರೂಪಾಯಿಗೆ ಅಲ್ಲ, ಆ ಕಡ್ಡಿಗೆ.

ಆಮೇಲೆ ನಿಧಾನವಾಗಿ ಹೇಳಿದರು. ಕತ್ತಲೆ ಪೆಟ್ಟಿಗೆಯಲ್ಲಿ ಆರು ದಿನ ಕೂತ ಗಿಡ ಎಲೆ ಉದುರಿಸುವುದು ಸಹಜ. ಬೇರಿನಿಂದ ನೀರು ಸಾಕಾಗದಿದ್ದರೆ ಎಲೆ ಬಿಟ್ಟು ಕಾಂಡ ಉಳಿಸಿಕೊಳ್ಳುತ್ತದೆ. ಈಗಲೇ ನೆಲಕ್ಕೆ ಹಾಕಬೇಡಿ. ಚೀಲ ಕತ್ತರಿಸಿ, ಬೇರಿನ ಉಂಡೆ ಒಡೆಯದ ಹಾಗೆ ಸಣ್ಣ ಕುಂಡಕ್ಕೆ ಇಳಿಸಿ. ಗಂಟು ಮಣ್ಣಿನ ಮೇಲಿರಬೇಕು. ನೀರು ಒಂದು ಸಲ ಸರಿಯಾಗಿ, ಆಮೇಲೆ ಮಣ್ಣು ಮುಟ್ಟಿ ನೋಡಿಯೇ ಹಾಕಿ. ಗೊಬ್ಬರ ಮುಟ್ಟಿಸಲೇಬೇಡಿ. ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಕವರ್ ಮುಚ್ಚಿ. ಗಂಟಿನ ಕೆಳಗೆ ಚಿಗುರು ಬಂದರೆ ಚಿವುಟಿ ಹಾಕಿ, ಎಷ್ಟು ಚೆಂದ ಕಂಡರೂ. "ಬೇಸಿಗೆಯಲ್ಲಿ ಕೇಳಿದ್ರೆ ನಾವು ಕಳಿಸುವುದೇ ಇಲ್ಲ. ಮಳೆಗಾಲ ಅಂತ ಕಳಿಸಿದ್ದು. ಘಾಟಿ ಬಂದ್ ಆಗ್ತದೆ ಅಂತ ಗೊತ್ತಿರ್ಲಿಲ್ಲ" ಅಂದರು. ಸತ್ತರೆ ಬೇರೆ ಕಳಿಸುತ್ತೇನೆ ಅಂತ ಕೊನೆಗೆ ಒಂದು ಮಾತು ಸೇರಿಸಿದರು.

ನಾನು ಬರೆದದ್ದಕ್ಕೆ ಕ್ಷಮೆ ಕೇಳಿದೆ. "ಎಂತ ಇಲ್ಲ, ಎಲೆ ಬಿದ್ದದ್ದು ನೋಡಿದ್ರೆ ಯಾರಿಗಾದ್ರೂ ಹೊಟ್ಟೆ ಉರೀತದೆ" ಅಂದರು. ನನ್ನ ಗಂಡ ಪಕ್ಕದಲ್ಲಿ ಕೂತು, ದುಡ್ಡು ವಾಪಸ್ ಕೇಳು ಅಂತ ಕೈಸನ್ನೆ ಮಾಡುತ್ತಲೇ ಇದ್ದರು. ಅವರಿಗೆ ಎಲ್ಲವೂ ಲೆಕ್ಕ. ಆ ಹೊತ್ತಿನಲ್ಲಿ ಅದು ನನಗೆ ಇಷ್ಟವಾಗಲಿಲ್ಲ.

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಅಂಗಳದ ದೇವಕಣಗಿಲೆ, ಅಡುಗೆಮನೆ ಪಕ್ಕದ ಮೆಣಸಿನ ಗಿಡ, ಎಲ್ಲದರ ಮೂಲವೂ ಅಮೆರಿಕ ಖಂಡ. ಯಾರೋ ಹಡಗಿನಲ್ಲಿ ತಂದದ್ದು. ಉಪ್ಪು ಗಾಳಿಗೆ, ಸಿಹಿನೀರಿನ ಕೊರತೆಗೆ ದಾರಿಯಲ್ಲೇ ಎಷ್ಟೋ ಸಸಿಗಳು ಸಾಯುತ್ತಿದ್ದವು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1833ರಲ್ಲಿ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಸಸಿಗಳನ್ನು ಸಿಡ್ನಿಗೆ ಕಳಿಸಿ, ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದರೂ ಅವು ಬದುಕಬಲ್ಲವು ಎಂದು ತೋರಿಸಿದ. ನಾನು ಈಗ ಕುಂಡದ ಮೇಲೆ ಮುಚ್ಚಿದ ಪ್ಲಾಸ್ಟಿಕ್ ಕವರ್ ಕೂಡ ಮಾಡುವುದು ಅದೇ ಕೆಲಸ. ಅಂಥ ಪ್ರತಿ ಪೆಟ್ಟಿಗೆಯ ಆ ತುದಿಯಲ್ಲಿ ಯಾರೋ ಒಬ್ಬರು ಕಾಯುತ್ತಿದ್ದಿರಬೇಕು, ಬದುಕಿತಾ ಇಲ್ಲವಾ ಅಂತ. ಕಾಗದ ಬರಲು ಅವರಿಗೆ ಮತ್ತೆ ಅಷ್ಟೇ ತಿಂಗಳು. ನನಗೆ ಹತ್ತು ನಿಮಿಷ ತಾಳ್ಮೆ ಇರಲಿಲ್ಲ. ಫೋಟೋದ ಹೂ ಮನೆ ಬಾಗಿಲಿಗೆ ಬರಬೇಕು ಅಂತ ಯಾವಾಗಿನಿಂದ ಅಂದುಕೊಳ್ಳಲು ಶುರು ಮಾಡಿದೆನೋ. ಅಜ್ಜಿ ಮನೆಯ ಮರ ಅಜ್ಜಿ ನೆಟ್ಟದ್ದಲ್ಲ. ನೆಟ್ಟವರು ಅದರ ಹೂ ಮುಡಿದರೋ ಇಲ್ಲವೋ.

ಇವತ್ತಿಗೆ ಐದನೇ ದಿನ. ಉಳಿದಿದ್ದ ಎರಡು ಎಲೆಯೂ ಬಿದ್ದವು. ಕವರಿನ ಒಳಗೆ ಬೆಳಿಗ್ಗೆ ಸಣ್ಣ ಸಣ್ಣ ನೀರಿನ ಹನಿ ಕೂತಿರುತ್ತವೆ. ಚಿಗುರಿಲ್ಲ. ತುದಿಯ ಮೊಗ್ಗು ಮುಚ್ಚಿಕೊಂಡೇ ಇದೆ.

ಇನ್ನೊಂದು ಸಲ ಕೆರೆದು ನೋಡೋಣ ಅಂತ ಉಗುರು ತಾಗಿಸಿದೆ. ಆಗ ಅವರು ಫೋನ್ ಇಡುವ ಮೊದಲು ಹೇಳಿದ್ದು ನೆನಪಾಯಿತು. "ದಿನಾ ಕೆರೀಬೇಡಿ, ಗಾಯ ಆಗ್ತದೆ. ಎರಡು ವಾರ ಬಿಡಿ." ಕೈ ತೆಗೆದು ಕವರ್ ಮುಚ್ಚಿದೆ.