ರೇನ್‌ಬೋ ಬ್ರಿಜ್‌ನ ಆಚೆ ಈಚೆ

ಅಮೆರಿಕದವರೆಂದರೆ ಗದ್ದಲ, ಆಡಂಬರ. ಕೆನಡಾದವರೆಂದರೆ ಮೆತ್ತಗಿನ ಮಾತು, ಕಾಲು ತುಳಿಸಿಕೊಂಡರೂ ತಾವೇ ‘ಸಾರಿ’ ಎನ್ನುವ ಜನ. ಇದನ್ನು ನಂಬಿಕೊಂಡು ನಯಾಗರಾಕ್ಕೆ ಬಂದವರಿಗೆ ಮೊದಲ ದಿನವೇ ಗಲಿಬಿಲಿ. ನ್ಯೂಯಾರ್ಕ್ ರಾಜ್ಯದ ದಡದಲ್ಲಿರುವುದು 1885ರಲ್ಲಿ ಶುರುವಾದ ಸ್ಟೇಟ್ ಪಾರ್ಕ್: ಮರಗಳು, ಕಾಲುದಾರಿಗಳು, ನೀರು ಧುಮುಕುವ ಅಂಚಿನವರೆಗೂ ಹೋಗಿ ನಿಲ್ಲಬಹುದಾದ ಟೆರಾಪಿನ್ ಪಾಯಿಂಟ್. ಒಳಗೆ ಹೋಗಲು ಟಿಕೆಟ್ ಇಲ್ಲ, ಪಾರ್ಕಿಂಗ್‌ಗೆ ಮಾತ್ರ ದುಡ್ಡು. ಮೇಣದ ಬೊಂಬೆಗಳ ಮ್ಯೂಸಿಯಂ, ಭೂತಬಂಗಲೆ, ಕಣ್ಣು ಕುಕ್ಕುವ ದೀಪಗಳ ಜಾತ್ರೆಯೆಲ್ಲ ಎದುರಿನ ಕ್ಲಿಫ್ಟನ್ ಹಿಲ್‌ನಲ್ಲಿ, ಅಂದರೆ ಆ ಸಂಕೋಚದ ಕೆನಡಾದಲ್ಲಿ! ಆದರೂ ಹಾರ್ಸ್‌ಶೂ ಜಲಪಾತವನ್ನು ಮುಖಾಮುಖಿ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು.

ಮಕ್ಕಳನ್ನು ನೋಡಲು ಬೆಂಗಳೂರು, ಮೈಸೂರಿನಿಂದ ಬಂದ ತಂದೆ ತಾಯಂದಿರಲ್ಲಿ ಎಷ್ಟೋ ಮಂದಿ ಇಲ್ಲಿಂದಲೇ ಹಿಂದಿರುಗುತ್ತಾರೆ. ಅಮೆರಿಕದ ವೀಸಾ ಕೆನಡಾದ ಗಡಿಯಲ್ಲಿ ನಡೆಯುವುದಿಲ್ಲ. ಭಾರತದ ಪಾಸ್‌ಪೋರ್ಟಿಗೆ ಕೆನಡಾದ ವಿಸಿಟರ್ ವೀಸಾ ಬೇರೆಯೇ ಬೇಕು. ಅಮೆರಿಕದ ಗ್ರೀನ್ ಕಾರ್ಡ್ ಇದ್ದವರಿಗೆ ಕಾರ್ಡು, ಪಾಸ್‌ಪೋರ್ಟ್ ಎರಡಿದ್ದರೆ ಸಾಕು. ಬಾಡಿಗೆ ಕಾರಾದರೆ ಗಡಿ ದಾಟಬಹುದೇ, ಇನ್ಶುರೆನ್ಸ್ ಅಲ್ಲೂ ನಡೆಯುತ್ತದೆಯೇ ಎಂದು ಕಾರು ತೆಗೆದುಕೊಳ್ಳುವಾಗಲೇ ಕೇಳಿಕೊಳ್ಳಬೇಕು. ಕಾರೇ ಬೇಡವೆಂದರೆ ಎರಡೂ ದಡಗಳನ್ನು ಜೋಡಿಸುವ ರೇನ್‌ಬೋ ಸೇತುವೆ ಮೇಲೆ ನಡೆದೇ ದಾಟಬಹುದು.

ಎಲ್ಲಿಂದ ಬಂದಿರಿ, ಎಷ್ಟು ದಿನ ಇರುತ್ತೀರಿ ಎಂದ ಮೇಲೆ ಕೆನಡಾದ ಅಧಿಕಾರಿ ಕೇಳುವುದು ಬಂದೂಕಿನ ವಿಷಯ. ನಮ್ಮವರು ನಕ್ಕುಬಿಡುತ್ತಾರೆ. ಆದರೆ ಕೀಲಿಗೊಂಚಲಿನಲ್ಲಿ ತೂಗುವ ಪೆಪ್ಪರ್ ಸ್ಪ್ರೇ ಆ ಹೊತ್ತಿನಲ್ಲಿ ಯಾರ ನೆನಪಿಗೂ ಬರುವುದಿಲ್ಲ. ಕೆನಡಾದಲ್ಲಿ ಅದು ನಿಷೇಧಿತ ಆಯುಧ. ಹೇಳದೆ ಸಿಕ್ಕಿಬಿದ್ದರೆ ಡಬ್ಬಿ ಹೋಗುವುದಲ್ಲದೆ ಕೇಸೂ ಆಗಬಹುದು. ಗಾಂಜಾದ್ದು ಇನ್ನೂ ವಿಚಿತ್ರ: ಕೆನಡಾದಲ್ಲಿ 2018ರಿಂದ, ನ್ಯೂಯಾರ್ಕ್ ರಾಜ್ಯದಲ್ಲಿ 2021ರಿಂದ ಅದಕ್ಕೆ ಅನುಮತಿ ಇದೆ, ಆದರೆ ಯಾವ ದಿಕ್ಕಿನಲ್ಲಿ ಗಡಿ ದಾಟಿಸಿದರೂ ಅಪರಾಧ.

ಸೇತುವೆ ಇಳಿದ ಕೂಡಲೇ ಬೋರ್ಡುಗಳು ಕಿಲೋಮೀಟರಿಗೆ ತಿರುಗುತ್ತವೆ. ಬೋರ್ಡಿನ 100 ಎಂದರೆ ಅಮೆರಿಕದ ಕಾರಿನ ಮೀಟರಿನಲ್ಲಿ ಸುಮಾರು 62 ಮೈಲಿ, ಇದನ್ನು ಬಾಯಿಪಾಠ ಮಾಡಿಕೊಂಡರೆ ಟೊರಾಂಟೊವರೆಗೆ ನಿಶ್ಚಿಂತೆ. ಹಾಗಂತ ಕೆನಡಾದವರು ಪೂರ್ತಿ ಮೆಟ್ರಿಕ್ ಜನವೇನಲ್ಲ. ಹೊರಗಿನ ಚಳಿ ಸೆಲ್ಸಿಯಸ್‌ನಲ್ಲಿ, ಅಡುಗೆಮನೆಯ ಓವನ್ ಫ್ಯಾರನ್‌ಹೀಟ್‌ನಲ್ಲಿ. ಊರಿನ ದೂರ ಕಿಲೋಮೀಟರಿನಲ್ಲಿ, ತಮ್ಮ ಎತ್ತರ ಅಡಿ ಇಂಚಿನಲ್ಲಿ.

ಟೊರಾಂಟೊಗೆ ಹೋಗುವ ಕ್ಯೂಇಡಬ್ಲ್ಯೂ ಹೆದ್ದಾರಿಯುದ್ದಕ್ಕೂ ಟಿಮ್ ಹಾರ್ಟನ್ಸ್ ಕಾಫಿ ಅಂಗಡಿ ಸಿಗುತ್ತದೆ. ‘ಡಬಲ್ ಡಬಲ್’ ಎಂದರೆ ಎರಡು ಪಾಲು ಕ್ರೀಮ್, ಎರಡು ಪಾಲು ಸಕ್ಕರೆ. ಫಿಲ್ಟರ್ ಕಾಫಿಯ ನಾಲಿಗೆಗೆ ಅದು ನೀರು ನೀರು. 1964ರಲ್ಲಿ ಹ್ಯಾಮಿಲ್ಟನ್ನಿನಲ್ಲಿ ಶುರುವಾದ ಈ ಅಂಗಡಿ ಕೆನಡಾದ ಹೆಮ್ಮೆ. ಆದರೆ ಅದಕ್ಕೆ ಹೆಸರು ಕೊಟ್ಟ ಐಸ್ ಹಾಕಿ ಆಟಗಾರ 1974ರಲ್ಲಿ ಇದೇ ಹೆದ್ದಾರಿಯ ಅಪಘಾತದಲ್ಲಿ ತೀರಿಕೊಂಡಾಗ ಆಡುತ್ತಿದ್ದದ್ದು ಅಮೆರಿಕದ ಬಫಲೊ ತಂಡಕ್ಕೆ. ಬಫಲೊದಲ್ಲೂ ಈ ಕಾಫಿಗೆ ಬರವಿಲ್ಲ.

ಅಮೆರಿಕದವರು ಕೆನಡಾವನ್ನು ಗೇಲಿ ಮಾಡಲು ಮರೆಯದೆ ಎತ್ತುವ ವಿಷಯ ಚೀಲದ ಹಾಲು. ನಂದಿನಿ ಪ್ಯಾಕೆಟ್ ಕಂಡವರಿಗೆ ಇದರಲ್ಲಿ ನಗುವಂಥದ್ದೇನೂ ಕಾಣದು, ಬಳಸುವ ರೀತಿ ಮಾತ್ರ ಹೊಸದು. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 4 ಲೀಟರಿನ ದೊಡ್ಡ ಚೀಲದೊಳಗೆ 1.33 ಲೀಟರಿನ ಮೂರು ಚೀಲ ಇರುತ್ತವೆ. ಹಾಲನ್ನು ಪಾತ್ರೆಗೆ ಸುರಿಯುವುದಿಲ್ಲ. ಚೀಲವನ್ನೇ ಅದರ ಅಳತೆಯ ಜಗ್ಗಿನಲ್ಲಿ ಇಳಿಸಿ, ಬುಡ ಕೂರುವಂತೆ ಜಗ್ಗನ್ನು ಕಟ್ಟೆಗೆ ಎರಡು ಸಲ ಕುಟ್ಟಿ, ಆಮೇಲೆ ಮೇಲಿನ ಮೂಲೆಯನ್ನು ಚಿಕ್ಕದಾಗಿ ಕತ್ತರಿಸಬೇಕು. ಕುಟ್ಟದಿದ್ದರೆ ಬಗ್ಗಿಸುವಾಗ ಚೀಲ ಮುಂದಕ್ಕೆ ಜಾರಿ ಮಡಚಿಕೊಳ್ಳುತ್ತದೆ, ಹಾಲೆಲ್ಲ ಮೇಜಿನ ಪಾಲು. ಕೆನಡಾದ ಪಶ್ಚಿಮ ಪ್ರಾಂತ್ಯಗಳ ಅಂಗಡಿಗಳಲ್ಲಿ ಇಂಥ ಚೀಲ ಕಾಣಸಿಗದು. ಆಲ್ಬರ್ಟಾದಿಂದ ಬಂದವರೂ ಇದನ್ನು ಅಮೆರಿಕದವರಷ್ಟೇ ಬೆರಗಿನಿಂದ ನೋಡುತ್ತಾರೆ.

ಇನ್ನು ‘ಸಾರಿ’. ಅದು ಬರೀ ನಗೆಚಾಟಿಕೆಯ ಸರಕಲ್ಲ. ಒಂಟಾರಿಯೊದಲ್ಲಿ 2009ರಿಂದ ಕ್ಷಮಾಪಣೆಗೆಂದೇ ಒಂದು ಕಾಯಿದೆ ಇದೆ: ಕ್ಷಮೆ ಕೇಳಿದ ಮಾತ್ರಕ್ಕೆ ಸಿವಿಲ್ ಮೊಕದ್ದಮೆಯಲ್ಲಿ ಅದನ್ನು ತಪ್ಪೊಪ್ಪಿಗೆ ಎಂದು ಹಿಡಿಯುವಂತಿಲ್ಲ.

ಹಿಂದಿರುಗುವಾಗ ತಪಾಸಣೆ ಅಮೆರಿಕದವರದು. ಬಂದೂಕಿನ ವಿಷಯದಲ್ಲಿ ಧಾರಾಳಿಯಾದ ಈ ದೇಶ ಒಳಗೆ ಆಟಿಕೆ ಅಡಗಿರುವ ಕಿಂಡರ್ ಸರ್‌ಪ್ರೈಸ್ ಚಾಕೊಲೇಟ್ ಮೊಟ್ಟೆಯನ್ನು ಒಳಗೆ ಬಿಡುವುದಿಲ್ಲ. ತಿನ್ನುವ ಮಿಠಾಯಿಯೊಳಗೆ ತಿನ್ನಲಾಗದ ವಸ್ತು ಹುದುಗಿಸುವುದನ್ನು 1938ರ ಕಾಯಿದೆ ತಡೆಯುತ್ತದೆ. ಕೆನಡಾದ ಅಂಗಡಿಗಳಲ್ಲಿ ಅದು ಸಲೀಸಾಗಿ ಸಿಗುತ್ತದೆ, ಮಕ್ಕಳಿಗೆಂದು ಕೊಂಡವರು ಸೇತುವೆಯ ಈ ತುದಿಯಲ್ಲಿ ಕಳೆದುಕೊಳ್ಳುತ್ತಾರೆ. ನಮ್ಮಲ್ಲಿ ಸಿಗುವ ಕಿಂಡರ್ ಜಾಯ್‌ಗೆ ಈ ತಂಟೆಯಿಲ್ಲ, ಅದರಲ್ಲಿ ಆಟಿಕೆ ಬೇರೆ ಹೋಳಿನಲ್ಲಿರುತ್ತದೆ.