ಡೈವಿಂಗ್ ಮೊದಲು, ಮೀಟಿಂಗ್ ಆಮೇಲೆ

"ಆಫೀಸ್ ಕೆಲಸಕ್ಕೆ ಅಂತ ಮೂರು ದಿನ ಹೋಗ್ತೀರಿ, ಅದರಲ್ಲಿ ಸ್ಕೂಬಾ ಡೈವಿಂಗ್‌ಗೆ ಪುರುಸೊತ್ತು ಎಲ್ಲಿಂದ ಬರುತ್ತೆ?" ಪರಿಚಯದವರೆಲ್ಲ ಕೇಳುವ ಪ್ರಶ್ನೆ ಇದು. ಇದಕ್ಕೊಂದು ಬಾಲಂಗೋಚಿಯೂ ಇದೆ: "ಕೊನೇ ದಿನ ಬೆಳಿಗ್ಗೆ ಡೈವ್ ಮುಗಿಸಿ ಸಂಜೆ ಫ್ಲೈಟ್ ಹತ್ತಿಬಿಡ್ತೀರಾ?"

ಇಲ್ಲ. ಅದೊಂದನ್ನು ಮಾತ್ರ ಮಾಡಬಾರದು.

ನೀರಿನಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿದ್ದದ್ದರ ಎರಡರಷ್ಟಾಗುತ್ತದೆ. ಆ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ನೈಟ್ರೋಜನ್ ರಕ್ತದಲ್ಲೂ ಮಾಂಸಖಂಡಗಳಲ್ಲೂ ಹೆಚ್ಚು ಹೆಚ್ಚು ಕರಗುತ್ತದೆ. ಮೇಲೆ ಬಂದಮೇಲೂ ಅದೆಲ್ಲ ಹೊರಹೋಗಲು ಗಂಟೆಗಟ್ಟಲೆ ಬೇಕು. ವಿಮಾನದೊಳಗಿನ ಗಾಳಿಯ ಒತ್ತಡವೋ, ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಬಹುದು. ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಒಳಗಿನ ಅನಿಲ ಗುಳ್ಳೆಯಾದರೆ ಕೀಲುನೋವು, ಜೋಮು. ಕೆಟ್ಟರೆ ಕೈಕಾಲೇ ಸ್ವಾಧೀನ ತಪ್ಪಬಹುದು. ಡೈವರ್‌ಗಳ ಸುರಕ್ಷತೆಗಾಗಿ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ ಹೇಳುವಂತೆ, ಒಂದೇ ಸಾಧಾರಣ ಡೈವ್ ಆಗಿದ್ದರೆ ವಿಮಾನಕ್ಕೆ ಮುಂಚೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಬಿಡಬೇಕು. ನಾನು ಕಣ್ಣುಮುಚ್ಚಿ 24 ಗಂಟೆ ಬಿಡುತ್ತೇನೆ. ಮೀಟಿಂಗ್ ಇರುವುದು ಎತ್ತರದ ಬೆಟ್ಟದೂರಿನಲ್ಲಾದರೆ ಕಾರಿನಲ್ಲಿ ಹತ್ತುವುದಕ್ಕೂ ಇದೇ ಎಚ್ಚರ ಬೇಕು. ಇದನ್ನು ಮರೆಯುವವರೇ ಹೆಚ್ಚು.

ಹಾಗಾಗಿ ನನ್ನ ಲೆಕ್ಕ ಯಾವತ್ತೂ ಹಿಂದಿನಿಂದ ಶುರು. ವಾಪಸು ಹೊರಡುವ ವಿಮಾನದ ಹೊತ್ತು ನೋಡಿಕೊಂಡು, ಅಲ್ಲಿಂದ ಒಂದು ದಿನ ಕಳೆಯುತ್ತೇನೆ. ಸೋಮವಾರ, ಮಂಗಳವಾರ ಮೀಟಿಂಗ್ ಇದ್ದರೆ ಶನಿವಾರವೇ ಹೋಗಿ ಇಳಿದು, ಚೆನ್ನಾಗಿ ನಿದ್ದೆ ಮಾಡಿ, ಭಾನುವಾರ ಬೆಳಿಗ್ಗೆ ನೀರಿಗೆ. ವಿಮಾನ ಇಳಿದ ದಿನವೇ ಡೈವ್ ಮಾಡಬಾರದೆಂಬ ನಿಯಮವೇನಿಲ್ಲ, ಆದರೆ ನಿದ್ದೆಗೆಟ್ಟು ಬಾಯಾರಿದ ಮೈಗೆ ಅದು ಒಳ್ಳೆಯದಲ್ಲ. ಕ್ಲೈಂಟ್ ಜೊತೆ ಗುಂಡಿನ ಪಾರ್ಟಿ ಇದ್ದರೆ ಅದು ಡೈವ್ ಆದಮೇಲಿನ ರಾತ್ರಿಗಿರಲಿ, ಹಿಂದಿನ ರಾತ್ರಿಗೆ ಬೇಡ.

ಬೆಳಿಗ್ಗೆ ಡೈವ್, ಮಧ್ಯಾಹ್ನ ಮೀಟಿಂಗ್ ಎನ್ನುವ ಸಾಹಸವೂ ಆಗದ ಮಾತೇನಲ್ಲ. ಆದರೆ ಹಣೆಯ ಮೇಲೆ ಮಾಸ್ಕಿನ ಗೀರು ಹಾಗೇ ಕೂತಿರುತ್ತದೆ. ಮೂಗಿನ ಒಳಗೆಲ್ಲೋ ಉಳಿದ ಉಪ್ಪುನೀರು, ಕಾಗದಕ್ಕೆ ಸಹಿ ಹಾಕಲು ಬಗ್ಗಿದಾಗಲೇ ಟಪ್ಪನೆ ಉದುರುತ್ತದೆ.

ಬ್ಯಾಗಿನಲ್ಲಿ ನಾನು ಒಯ್ಯುವುದು ಎರಡೇ: ನನ್ನ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್, ನೀರಿನೊಳಗೆ ಆಳವನ್ನೂ ಹೊತ್ತನ್ನೂ ತೋರಿಸುವ ನನ್ನ ಡೈವ್ ಕಂಪ್ಯೂಟರ್. ಉಳಿದದ್ದೆಲ್ಲ ಅಲ್ಲೇ ಬಾಡಿಗೆಗೆ. ಒದ್ದೆ ವೆಟ್‌ಸೂಟನ್ನು ಇಸ್ತ್ರಿ ಮಾಡಿದ ಶರ್ಟಿನ ಪಕ್ಕ ತುಂಬುವ ಗೋಜು ಯಾರಿಗೆ ಬೇಕು?

ಇನ್ನೂ ಕಲಿಯದವರು ಕೇಳುತ್ತಾರೆ, ಹೋದಲ್ಲೇ ಕೋರ್ಸ್ ಮುಗಿಸಬಹುದೇ ಎಂದು. ಹೊಸಬರ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್‌ಗೆ ಸಾಮಾನ್ಯವಾಗಿ ಮೂರು ನಾಲ್ಕು ದಿನ ಹಿಡಿಯುತ್ತದೆ; ಕೆಲಸದ ಮಧ್ಯೆ ತುರುಕಿದರೆ ಎರಡೂ ಕೆಡುತ್ತವೆ. ಪಾಠ ಮತ್ತು ಈಜುಕೊಳದ ಅಭ್ಯಾಸವನ್ನು ಊರಲ್ಲೇ ಮುಗಿಸಿ, ಸಮುದ್ರದ ಡೈವ್‌ಗಳನ್ನಷ್ಟೇ ಬೇರೆ ಕಡೆ ಮಾಡುವ ವ್ಯವಸ್ಥೆಯಿದೆ. ಅದೂ ಆಗದಿದ್ದರೆ ತರಬೇತುದಾರರು ಜೊತೆಗೇ ಇದ್ದು, 12 ಮೀಟರ್ ದಾಟದಂತೆ ಮಾಡಿಸುವ ಪರಿಚಯದ ಡೈವ್ ಸಾಕು. ಅದಾದಮೇಲೂ ವಿಮಾನದ ನಿಯಮ ಬದಲಾಗುವುದಿಲ್ಲ.

ಆಫೀಸು ಮಾಡಿಸಿದ ವಿಮೆ ಡೈವಿಂಗ್‌ಗೂ ಅನ್ವಯಿಸುತ್ತದೆಂದು ನಂಬಿಕೊಂಡು ಹೋಗಬೇಡಿ, ಪಾಲಿಸಿ ಓದಿ. ಶೀತವಾಗಿ ಮೂಗು ಕಟ್ಟಿದ್ದರೆ, ದುಡ್ಡು ಕಟ್ಟಿಯಾಗಿದ್ದರೂ ಇಳಿಯಬೇಡಿ. ಕಿವಿಯ ಒತ್ತಡ ಸರಿಹೊಂದದೆ ತಮಟೆಗೇ ಪೆಟ್ಟಾಗಬಹುದು.

ಮೀಟಿಂಗ್‌ಗಳೆಲ್ಲ ಮೊದಲ ದಿನಗಳಲ್ಲೇ ಬಿದ್ದು, ಕೊನೇ ದಿನ ಮಾತ್ರ ಬಿಡುವಾಗಿದ್ದರೆ? ಬಾಯಿಗೆ ಸ್ನಾರ್ಕೆಲ್ ಎಂಬ ಉಸಿರುಕೊಳವೆ ಹಾಕಿಕೊಂಡು ನೀರಿನ ಮೇಲೇ ತೇಲಿ. ಅಲ್ಲಿ ಉಸಿರಾಡುವುದು ಮಾಮೂಲಿ ಒತ್ತಡದ ಗಾಳಿಯನ್ನೇ, ಸಂಜೆಯ ಫ್ಲೈಟಿಗೆ ತೊಂದರೆಯಿಲ್ಲ.