ಮೆಮೊರಿ ಫೋಮ್ ಹಾಸಿಗೆ ತಗೋಬಹುದಾ? ಮೊದಲು ನೀವು ಹೇಗೆ ಏಳ್ತೀರಿ ಹೇಳಿ

ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕಾಯುತ್ತಾ ನಿಂತಿರುತ್ತೇನೆ. ಯಾರೋ ದೂರದ ನೆಂಟರು ಹತ್ತಿರ ಬರುತ್ತಾರೆ. ಹೇಗಿದ್ದೀರಿ ಅಂತ ಪೂರ್ತಿ ಕೇಳುವಷ್ಟೂ ಪುರುಸೊತ್ತಿಲ್ಲ. ‘ನಿಮ್ಮನೇಲಿ ಆ ಮೆಮೊರಿ ಫೋಮ್ ಹಾಸಿಗೆ ಇದೆಯಂತಲ್ಲ, ಹೇಗಿದೆ? ತಗೋಬಹುದಾ?’ ಆಫೀಸಿನಲ್ಲೂ ಅದೇ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೂ ಅದೇ. 2019ರಲ್ಲಿ ಒಂದು ಹಾಸಿಗೆ ಕೊಂಡ ತಪ್ಪಿಗೆ ನಾನು ನಮ್ಮ ಬಳಗಕ್ಕೆಲ್ಲ ಹಾಸಿಗೆ ಪಂಡಿತ ಆಗಿಬಿಟ್ಟಿದ್ದೇನೆ.

ಅವರಿಗೆ ಹೌದು ಅಥವಾ ಇಲ್ಲ ಅನ್ನೋ ಉತ್ತರ ಸಾಕು. ನಾನು ತಿರುಗಿ ಅವರನ್ನೇ ಕೇಳುತ್ತೇನೆ. ಮಲಗೋರು ಯಾರು? ನಿಮ್ಮೂರಲ್ಲಿ ಸೆಕೆ ಎಷ್ಟು? ಬೆಳಗ್ಗೆ ಅವರು ಹೇಗೆ ಏಳ್ತಾರೆ? ಮೂರನೇ ಪ್ರಶ್ನೆಗೆ ಎಲ್ಲರೂ ನಗುತ್ತಾರೆ. ಹಾಸಿಗೆ ಕೊಳ್ಳೋದು ಮಲಗೋಕೆ, ಏಳೋಕೆ ಅಲ್ಲವಲ್ಲ ಅಂತ. ನನಗೆ ಮಾತ್ರ ಈ ಹಾಸಿಗೆಯ ಗುಟ್ಟು ಗೊತ್ತಾಗಿದ್ದೇ ಏಳುವಾಗ.

ಮೆಮೊರಿ ಫೋಮ್ ಅಂದರೆ ಒತ್ತಿದರೆ ಇಳಿದು, ಬಿಟ್ಟರೆ ಮೆಲ್ಲಗೆ ಮೇಲೇಳುವ ಒಂದು ಥರದ ಸ್ಪಂಜು. ನಮ್ಮ ಕುಟುಂಬದಲ್ಲಿ ಇಂಥ ಹಾಸಿಗೆ ಮೂರಿವೆ. ಒಂದು ಬೆಂಗಳೂರಿನ ನಮ್ಮ ಮನೆಯಲ್ಲಿ. ಒಂದು ಬಾಗಲಕೋಟೆಯಲ್ಲಿ, ನನ್ನ ಅಪ್ಪ ಅವ್ವ ಇರುವ ಮನೆಯಲ್ಲಿ. ಇನ್ನೊಂದು ಕೊಪ್ಪದ ಹತ್ತಿರ, ಹೆಂಡತಿಯ ತವರಿನಲ್ಲಿ. ಮೂರೂ ಒಂದೇ ಕಂಪನಿಯವು, ಒಂದೇ ದಪ್ಪ. ಆದರೆ ಮೂರು ಊರಿನಲ್ಲಿ ಮೂರು ಬೇರೆ ಬೇರೆ ಹಾಸಿಗೆ ಅನ್ನಿಸುವಷ್ಟು ವ್ಯತ್ಯಾಸ.

ಮೊದಲು ನಮ್ಮ ಮನೆಯದು. ಅದಕ್ಕೂ ಮುಂಚೆ ನಾವು ಮಲಗುತ್ತಿದ್ದದ್ದು ತೆಂಗಿನ ನಾರಿನ ಗಟ್ಟಿ ಹಾಸಿಗೆಯ ಮೇಲೆ. ನಾರಿಗೆ ರಬ್ಬರ್ ಹಾಲು ಬೆರೆಸಿ ಮಾಡೋದು. ಮಣಿಪಾಲದವರು 1962ರಲ್ಲಿ ಶುರು ಮಾಡಿದ ಕಂಪನಿಯಿಂದ ಬಂದ ಕರ್ಲಾನ್ ಎಷ್ಟು ಮನೆಮಾತಾಗಿತ್ತು ಅಂದರೆ, ನಮ್ಮಲ್ಲಿ ಯಾವ ಕಂಪನಿಯ ನಾರಿನ ಹಾಸಿಗೆಯನ್ನೂ ‘ಕರ್ಲಾನ್’ ಅಂತಲೇ ಕರೆಯುತ್ತಿದ್ದರು. ಗಟ್ಟಿ ಇದ್ದರೇ ಒಳ್ಳೆ ಹಾಸಿಗೆ ಅನ್ನೋ ನಂಬಿಕೆಯಲ್ಲಿ ಬೆಳೆದವರು ನಾವು.

ಮೆಮೊರಿ ಫೋಮ್ ಬಂದದ್ದು ಒಂದು ರಟ್ಟಿನ ಡಬ್ಬದಲ್ಲಿ, ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು. ಪ್ಲಾಸ್ಟಿಕ್ ಕತ್ತರಿಸಿದ ಕೂಡಲೇ ಉಸ್ ಅಂತ ಉಸಿರೆಳೆದುಕೊಂಡು ಎದ್ದು ಕೂತಿತು. ಮಗಳಿಗೆ ಭಾರೀ ಖುಷಿ. ಹಿಂದೆಯೇ ಹೊಸ ಪೇಂಟಿನ ಹಾಗೊಂದು ವಾಸನೆ. ಕಿಟಕಿ ತೆಗೆದಿಟ್ಟು ನಾಲ್ಕು ದಿನ ಹಾಲಿನಲ್ಲಿ ಮಲಗಿದೆವು. ಹೊಸ ಫೋಮಿನಲ್ಲಿ ಇದು ಮಾಮೂಲು, ಗಾಳಿಯಾಡಿದರೆ ಹೋಗುತ್ತದೆ.

ಐದನೇ ದಿನ ಮಲಗಿದಾಗ ಸುಖ ಅಂದರೆ ಇದಪ್ಪಾ ಅನ್ನಿಸಿದ್ದು ನಿಜ. ಮೊದಲು ಭುಜ ಇಳಿಯಿತು, ಆಮೇಲೆ ಸೊಂಟ. ಬೆನ್ನಿನ ಕೆಳಗೆ ಸದಾ ಖಾಲಿ ಇರುತ್ತಿದ್ದ ಜಾಗ ತುಂಬಿಕೊಂಡಿತು. ಯಾರೋ ನಿಧಾನವಾಗಿ ಎರಡು ಕೈಯಲ್ಲಿ ಹಿಡಿದುಕೊಂಡ ಹಾಗೆ. ಒಂದು ಪಕ್ಕಕ್ಕೆ ಮಲಗಿದರೆ ಅರ್ಧ ಗಂಟೆಯಲ್ಲಿ ತೋಳು ಜೋಮು ಹಿಡಿಯುತ್ತಿದ್ದದ್ದು ನಿಂತೇ ಹೋಯಿತು. ಇನ್ನೊಂದು ಲಾಭ ಹೆಂಡತಿಗೆ. ನಾನು ರಾತ್ರಿ ಹತ್ತು ಸಲ ಹೊರಳಾಡುವವನು. ಮೊದಲು ನಾನು ಹೊರಳಿದರೆ ಅವಳು ಅಲುಗಾಡುತ್ತಿದ್ದಳು. ಈಗ ನನ್ನ ಕುಲುಕಾಟ ನನ್ನ ಕಡೆಯೇ ಮುಗಿಯುತ್ತದೆ. ಈ ಒಂದೇ ಕಾರಣಕ್ಕೆ ಅವಳು ಈ ಹಾಸಿಗೆಗೆ ಹತ್ತಕ್ಕೆ ಒಂಬತ್ತು ಅಂಕ ಕೊಡುತ್ತಾಳೆ. ಗೊರಕೆಗೂ ಒಂದು ಫೋಮ್ ಬಂದಿದ್ದರೆ ಹತ್ತು ಕೊಡುತ್ತಿದ್ದಳಂತೆ.

ಸುಮಾರು ಒಂದು ತಿಂಗಳಾದ ಮೇಲೆ ನನಗೆ ಬೇರೆ ಒಂದು ವಿಷಯ ಗಮನಕ್ಕೆ ಬಂತು. ನಾನು ಹೊರಳುವಾಗ ಈಗ ಎಚ್ಚರವಾಗುತ್ತಿತ್ತು. ಮೊದಲು ನಿದ್ದೆಯಲ್ಲೇ ಹೊರಳುತ್ತಿದ್ದೆ. ಈಗ ನಾನೇ ಮಾಡಿಕೊಂಡ ಗುಂಡಿಯಿಂದ ಮೇಲೆ ಹತ್ತಿ ಆಚೆ ಮಗ್ಗುಲಿಗೆ ಹೋಗಬೇಕು. ಅದಕ್ಕೆ ಚೂರು ಬಲ ಬೇಕು. ನನ್ನ ತೂಕ 84 ಕಿಲೋ. ಹೆಂಡತಿ 55 ಕಿಲೋ, ಅವಳಿಗೆ ಈ ತೊಂದರೆ ಇಲ್ಲ, ಅವಳು ಅಷ್ಟು ಇಳಿಯುವುದೇ ಇಲ್ಲ. ಒಂದೇ ಹಾಸಿಗೆ, ಒಂದೇ ರಾತ್ರಿ. ಅವಳಿಗೆ ಅದು ಸ್ವಲ್ಪ ಗಟ್ಟಿ, ನನಗೆ ಸ್ವಲ್ಪ ಜಾಸ್ತಿಯೇ ಮೆತ್ತಗೆ.

ಇದು ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಈ ಫೋಮ್ ಹುಟ್ಟಿದ್ದು ಯಾವ ಕೆಲಸಕ್ಕೆ ಅಂತ ನೋಡಬೇಕು. 1966ರಲ್ಲಿ ಅಮೆರಿಕದಲ್ಲಿ ಚಾರ್ಲ್ಸ್ ಯೋಸ್ಟ್ ಅನ್ನೋ ಎಂಜಿನಿಯರು ಬಾಹ್ಯಾಕಾಶ ಸಂಸ್ಥೆ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ ಇದನ್ನು ಮಾಡಿದರು. ಚಂದ್ರನ ಮೇಲೆ ಮಲಗೋಕೆ ಅಲ್ಲ, ವಿಮಾನದ ಸೀಟಿಗೆ! ವಿಮಾನ ಅಪಘಾತವಾದಾಗ ಕೂತವರ ಮೈಗೆ ಬೀಳುವ ಪೆಟ್ಟನ್ನು ಸೀಟು ನುಂಗಿಕೊಳ್ಳಬೇಕು, ವಾಪಸ್ ಎಸೆಯಬಾರದು. ಸ್ಪ್ರಿಂಗು, ಮಾಮೂಲಿ ಸ್ಪಂಜು ಒತ್ತಿದರೆ ಪುಟಿಯುತ್ತವೆ. ಇದು ಪುಟಿಯೋದಿಲ್ಲ. ಒತ್ತಿದ ಬಲವನ್ನು ಒಳಗೇ ಇಂಗಿಸಿಕೊಂಡು, ಮೆಲ್ಲಗೆ ತನ್ನ ಮೊದಲಿನ ಆಕಾರಕ್ಕೆ ಬರುತ್ತದೆ. ಮೆಮೊರಿ ಅನ್ನೋ ಹೆಸರು ಬಂದದ್ದೇ ಅದರಿಂದ. ಅದು ನಮ್ಮ ಮೈಯ ಆಕಾರ ನೆನಪಿಟ್ಟುಕೊಳ್ಳುತ್ತದೆ ಅಂತ ಸುಮಾರು ಜನ ತಿಳಿದಿದ್ದಾರೆ. ಅದಕ್ಕೆ ನೆನಪಿರೋದು ತನ್ನದೇ ಆಕಾರ. ನಮ್ಮನ್ನು ಅರ್ಧ ನಿಮಿಷದಲ್ಲೇ ಮರೆತುಬಿಡುತ್ತದೆ.

ಈಗ ಏಳುವ ವಿಷಯಕ್ಕೆ ಬನ್ನಿ. ನಾವು ಏಳುವಾಗ ಏನು ಮಾಡುತ್ತೇವೆ? ಅಂಗೈ ಊರಿ ಹಾಸಿಗೆಯನ್ನು ಒತ್ತುತ್ತೇವೆ. ಹಾಸಿಗೆ ಒಂಚೂರು ವಾಪಸ್ ತಳ್ಳಬೇಕು, ಆಗ ಮೈ ಮೇಲೇಳುತ್ತದೆ. ಪೆಟ್ಟು ನುಂಗಲಿಕ್ಕೆ ಹುಟ್ಟಿದ ಫೋಮ್ ಈ ಒತ್ತನ್ನೂ ನುಂಗಿಬಿಡುತ್ತದೆ. ಇಪ್ಪತ್ತೈದರ ಹುಡುಗನಿಗೆ ಇದು ಗೊತ್ತೇ ಆಗೋದಿಲ್ಲ.

ಎಪ್ಪತ್ನಾಲ್ಕು ವರ್ಷದ ನನ್ನ ಅಪ್ಪನಿಗೆ ಮೊದಲ ರಾತ್ರಿಯೇ ಗೊತ್ತಾಯಿತು. ನಮ್ಮ ಮನೆಯಲ್ಲಿ ಚೆನ್ನಾಗಿದೆ ಅನ್ನೋ ಉಮೇದಿನಲ್ಲಿ 2021ರಲ್ಲಿ ಬಾಗಲಕೋಟೆಗೂ ಒಂದು ಕಳಿಸಿದ್ದೆ. ಅಲ್ಲಿ ಮಂಚದ ಮೇಲೆ ಇದ್ದದ್ದು ಹತ್ತಿಯ ಗಾದಿ. ಅದನ್ನು ತೆಗೆಸಿ ಇದನ್ನು ಹಾಕಿಸಿದೆ. ಮರುದಿನ ಫೋನು ಮಾಡಿದರೆ ಅಪ್ಪ ಬೇಜಾರು ಮಾಡಿಸಬಾರದು ಅಂತ ಜಾಗ್ರತೆಯಾಗಿಯೇ ಮಾತಾಡಿದರು. ‘ಛಲೋ ಐತಿ. ಭಾಳ ಮೆತ್ತಗ ಐತಿ. ಆದ್ರ ಒಮ್ಮೆ ಹಿಡೀತಂದ್ರ ಮನಷ್ಯಾನ್ನ ಬಿಡಂಗಿಲ್ಲ ನೋಡಪಾ.’ ಅವರಿಗೆ ಮೊಣಕಾಲು ನೋವು. ರಾತ್ರಿ ಎರಡು ಸಲ ಏಳಲೇಬೇಕು. ಅಂಚಿಗೆ ಸರಿದು ಕೂತರೆ ಅಂಚೂ ಕುಸಿಯುತ್ತದೆ. ಅವ್ವ ಎದ್ದು ಬಂದು ಕೈ ಕೊಡಬೇಕಾಯಿತು. ಗಾದಿಯ ಮೇಲಿಂದ ತಾವೇ ಏಳುತ್ತಿದ್ದ ಮನುಷ್ಯನಿಗೆ ದುಡ್ಡು ಕೊಟ್ಟು ಒಬ್ಬರ ಸಹಾಯ ಬೇಕಾಗುವ ಹಾಗೆ ಮಾಡಿದ್ದೆ ನಾನು.

ಆಮೇಲೆ ಏಪ್ರಿಲ್ ಬಂತು. ಬಾಗಲಕೋಟೆಯ ಏಪ್ರಿಲ್ ಗೊತ್ತಲ್ಲ, ಮಧ್ಯಾಹ್ನ 40 ಡಿಗ್ರಿ. ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬಿಸಿ. ಈ ಫೋಮ್ ಬಿಸಿಯಾದಷ್ಟೂ ಮೆತ್ತಗಾಗುತ್ತದೆ, ತಣ್ಣಗಾದಷ್ಟೂ ಗಟ್ಟಿಯಾಗುತ್ತದೆ. ಮೈಯ ಬಿಸಿಗೆ ಕರಗಿದ ಹಾಗಾಗಿ ಒಗ್ಗಿಕೊಳ್ಳೋದೇ ಅದರ ಹೆಚ್ಚುಗಾರಿಕೆ. ಕೋಣೆಯೇ ಮೈಯಷ್ಟು ಬಿಸಿಯಾಗಿದ್ದರೆ? ಹಾಸಿಗೆ ಇಡೀ ಹೋಳಿಗೆಯ ಕಣಕ ಆಗುತ್ತದೆ. ಜಾಸ್ತಿ ಇಳಿದಷ್ಟೂ ಮೈ ಜಾಸ್ತಿ ಮುಚ್ಚಿಕೊಳ್ಳುತ್ತದೆ. ಗಾಳಿಗೆ ದಾರಿ ಇಲ್ಲ. ಬೆನ್ನಿನ ಬೆವರು ಬೆನ್ನಿನಲ್ಲೇ. ನಮ್ಮಜ್ಜ ಅಂಗಳದಲ್ಲಿ ಹಗ್ಗ ಹೆಣೆದ ಹೊರಸಿನ ಮೇಲೆ ಮಲಗುತ್ತಿದ್ದರು. ಅದೂ ನಡುವೆ ತಗ್ಗು ಬೀಳುತ್ತಿತ್ತು, ಆಗಾಗ ಹಗ್ಗ ಬಿಗಿಯಬೇಕಿತ್ತು. ಆದರೆ ಕೆಳಗಿನಿಂದ ಗಾಳಿ ಬರುತ್ತಿತ್ತು. ಅಂಗಡಿಯಲ್ಲಿ ‘ಫೋಮಿನಲ್ಲಿ ಜೆಲ್ ಇದೆ ಸಾರ್, ಕೂಲ್ ಆಗಿರುತ್ತೆ’ ಅನ್ನುತ್ತಾರೆ. ನಾನು ಮಲಗಿ ನೋಡಿದ್ದರಲ್ಲಿ ಮೊದಲ ಹದಿನೈದು ಇಪ್ಪತ್ತು ನಿಮಿಷ ತಂಪು ಅನ್ನಿಸಿತು. ಆಮೇಲೆ ಆ ಜೆಲ್ಲೂ ನನ್ನಷ್ಟೇ ಬಿಸಿ.

ಅವ್ವ ಇದಕ್ಕೆ ತನಗೆ ಗೊತ್ತಿದ್ದ ಮದ್ದು ಮಾಡಿದಳು. ಹಾಸಿಗೆಯನ್ನು ಮಾಳಿಗೆಗೆ ಹಾಕಿಸಿ ಇಡೀ ದಿನ ಬಿಸಿಲಿಗೆ ಒಣಗಿಸಿದಳು. ಕೋಲಿನಲ್ಲಿ ಬಡಿದಳು ಕೂಡ. ಹತ್ತಿಯ ಗಾದಿಗೆ ಇದು ಸರಿಯಾದ ಉಪಚಾರ. ಬಿಸಿಲಿಗೆ ಹತ್ತಿ ಅರಳುತ್ತದೆ, ತೇವ ಹೋಗುತ್ತದೆ. ಫೋಮಿಗೆ ಬಿಸಿಲು ಆಗೋದಿಲ್ಲ. ಹಳದಿಯಾಗಿ, ಮೇಲ್ಪದರ ಪುಡಿಪುಡಿ ಉದುರಲು ಶುರುವಾಗುತ್ತದೆ. ಸಂಜೆ ಇಬ್ಬರು ಹಿಡಿದು ಕೆಳಗಿಳಿಸುವಾಗ ಅದು ಒದ್ದೆ ಕಂಬಳಿಯ ಹಾಗೆ ಜೋತು ಬಿತ್ತಂತೆ. ‘ಏನ್ ಗಾದೀನೋ ತಮ್ಮಾ ಇದು, ಎಲುಬs ಇಲ್ಲ’ ಅಂದಳು ಅವ್ವ. ಆ ವಾರವೇ ಹಳೆಯ ಗಾದಿಯನ್ನು ಬಿಚ್ಚಿಸಿ, ಹತ್ತಿ ಹಿಂಜಿಸಿ, ಹೊಸ ಬಟ್ಟೆ ಹಾಕಿ ಹೊಲಿಸಿದರು. ಗಾದಿಗೆ ಹೀಗೆ ಮರುಜನ್ಮ ಉಂಟು. ಫೋಮಿಗೆ ಒಮ್ಮೆ ಗುಂಡಿ ಬಿತ್ತೆಂದರೆ ಮುಗಿಯಿತು.

ಕೊಪ್ಪದಲ್ಲಿ ಇದರ ಉಲ್ಟಾ. ಡಿಸೆಂಬರಿನ ಒಂದು ರಾತ್ರಿ ಭಾವಮೈದನ ಮನೆಯಲ್ಲಿ ಮಲಗಲು ಹೋಗಿ ಧಪ್ ಅಂತ ಕೂತೆ, ಸೊಂಟ ಜುಮ್ ಅಂದಿತು. ‘ಭಾವ, ಮೆಲ್ಲಗೆ ಮಾರಾಯ್ರೆ, ಅದು ಬಿಸಿಯಾಗೋ ತನಕ ಹಲಗೆಯೇ’ ಅಂದ ಅವನು. ಹತ್ತು ನಿಮಿಷ ಕಂಬಳಿ ಹೊದ್ದು ಅಲ್ಲಾಡದೆ ಮಲಗಿದ ಮೇಲೆ ಅದು ಒಪ್ಪಿಕೊಂಡಿತು. ಪಕ್ಕಕ್ಕೆ ಹೊರಳಿದರೆ ಮತ್ತೆ ತಣ್ಣನೆಯ ಹಲಗೆ. ಹಾಗಾಗಿ ಅಲ್ಲಿ ಬೆಳಗಿನ ತನಕ ಒಂದೇ ಮಗ್ಗುಲು. ಮಳೆಗಾಲದಲ್ಲಿ ಅವನ ಚಿಂತೆ ಬೇರೆ. ಮಂಚದ ಪ್ಲೈವುಡ್ಡಿಗೂ ಹಾಸಿಗೆಗೂ ನಡುವೆ ಬೂಷ್ಟು. ಈಗ ಹಲಗೆಗೆ ತೂತು ಹೊಡೆಸಿದ್ದಾನೆ, ವಾರಕ್ಕೊಮ್ಮೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ಫ್ಯಾನು ಹಾಕುತ್ತಾನೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇದನ್ನು ನೆಲದ ಮೇಲೆ ನೇರವಾಗಿ ಹಾಸಲೇಬೇಡಿ.

ಈ ಫೋಮನ್ನು ಹಾಸಿಗೆಯಾಗಿ ಮಾರುಕಟ್ಟೆಗೆ ತಂದವರು ಸ್ವೀಡನ್ನಿನ ಒಂದು ಕಂಪನಿಯವರು, 1991ರಲ್ಲಿ. ಅಲ್ಲಿ ಮನೆಯೊಳಗೆ ಹೀಟರು ಇರುತ್ತದೆ. ಬೇಸಿಗೆಯೋ ಚಳಿಗಾಲವೋ ಮಲಗುವ ಕೋಣೆ ಹೆಚ್ಚುಕಮ್ಮಿ ಒಂದೇ ಹದ. ಅಂಥ ಕೋಣೆಯಲ್ಲಿ ಇದು ವರ್ಷವಿಡೀ ಒಂದೇ ಥರ ಇರುತ್ತದೆ. ನಮ್ಮಲ್ಲಿ ಆ ಹದಕ್ಕೆ ಹತ್ತಿರ ಇರೋದು ಬೆಂಗಳೂರು, ಮೈಸೂರಿನ ಕಡೆ. ನಾನು ಬೆಂಗಳೂರಿನಲ್ಲಿ ಕೂತು ಬಾಗಲಕೋಟೆಗೆ ಹಾಸಿಗೆ ಆರಿಸಿದೆ, ಅಲ್ಲೇ ಎಡವಿದ್ದು.

ಇನ್ನು ಬೆನ್ನುನೋವು. ಈ ಪ್ರಶ್ನೆಯ ಹಿಂದೆ ಹೆಚ್ಚಾಗಿ ಇರುವುದು ಅದೇ. ಮೊದಲೆಲ್ಲ ಬೆನ್ನುನೋವು ಅಂದರೆ ‘ಹಲಗೆ ಮೇಲೆ ಮಲಗಿ’ ಅನ್ನುತ್ತಿದ್ದರು. 2003ರಲ್ಲಿ ‘ಲ್ಯಾನ್ಸೆಟ್’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನಿನ ಒಂದು ಅಧ್ಯಯನ ಬಂತು. ಬಹುಕಾಲದ ಸೊಂಟನೋವಿದ್ದ 313 ಜನರಿಗೆ, ಯಾರಿಗೆ ಯಾವುದು ಅಂತ ಹೇಳದೆ, ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟರು. 90 ದಿನ ಆದ ಮೇಲೆ ನೋಡಿದರೆ ಮಧ್ಯಮದವರಿಗೇ ಹೆಚ್ಚು ಆರಾಮ. ಮಲಗಿದಾಗಿನ ನೋವನ್ನೂ ಕೇಳಿದ್ದರು, ಏಳುವಾಗಿನ ನೋವನ್ನೂ ಬೇರೆಯಾಗಿ ಕೇಳಿದ್ದರು. ಅದನ್ನು ಓದಿದಾಗ ನನಗೆ ಸಮಾಧಾನ ಆಯಿತು, ಏಳೋದನ್ನು ಲೆಕ್ಕಕ್ಕೆ ತಗೊಂಡವನು ನಾನೊಬ್ಬನೇ ಅಲ್ಲ ಅಂತ. ಅದು ಮೆಮೊರಿ ಫೋಮ್ ಬಗ್ಗೆ ಮಾಡಿದ ಅಧ್ಯಯನ ಅಲ್ಲ, ಗಟ್ಟಿತನದ ಬಗ್ಗೆ. ಹಾಗಾಗಿ ‘ಈ ಹಾಸಿಗೆ ಹಾಕಿದರೆ ಬೆನ್ನುನೋವು ಮಾಯ’ ಅನ್ನೋ ಜಾಹೀರಾತನ್ನು ನಂಬಬೇಡಿ. ನನ್ನ ಬೆನ್ನಿಗೆ ಒಳ್ಳೆಯದಾಯಿತು, ನಿಜ. ಅದೇ ಸಮಯಕ್ಕೆ ನಾನು ಬೈಕು ಬಿಟ್ಟು ಮೆಟ್ರೋದಲ್ಲಿ ಓಡಾಡಲು ಶುರು ಮಾಡಿದ್ದೆ. ಯಾವುದಕ್ಕೆ ಎಷ್ಟು ಅಂಕ ಕೊಡಲಿ?

ಕೊಳ್ಳಲೇಬೇಕು ಅನ್ನೋರಿಗೆ ಬೇಗ ಬೇಗ ಒಂದಿಷ್ಟು. ಎಂಟು ಇಂಚಿನ ಮೆಮೊರಿ ಫೋಮ್ ಹಾಸಿಗೆ ಅಂದರೆ ಎಂಟೂ ಇಂಚು ಅದೇ ಅಲ್ಲ. ಮೇಲಿನ ಒಂದೆರಡು ಇಂಚು ಮಾತ್ರ ಅದು, ಕೆಳಗಿರುವುದು ಬೇರೆ ಗಟ್ಟಿ ಫೋಮು. ಮೇಲ್ಪದರದ ಸಾಂದ್ರತೆ ಎಷ್ಟು ಅಂತ ಕೇಳಿ. ಒಂದು ಘನ ಮೀಟರಿಗೆ 50 ಕಿಲೋ ಅಥವಾ ಅದಕ್ಕಿಂತ ಮೇಲಿದ್ದರೆ ಒಳ್ಳೆಯದು. ಹೇಳಲು ತಡವರಿಸಿದರೆ ಮುಂದಿನ ಅಂಗಡಿಗೆ ನಡೀರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಇಲ್ಲಿ ಮಂಚ ಇದ್ದಷ್ಟು ಹಾಸಿಗೆ. ಬಡಗಿ ಮಾಡಿದ ಹಳೆಯ ಸಾಗವಾನಿ ಮಂಚವಿದ್ದರೆ ಟೇಪು ಹಿಡಿದು ಅಳೆಯಿರಿ. 72, 75, 78 ಇಂಚಿನ ರೆಡಿಮೇಡ್ ಅಳತೆಗೆ ಅದು ಕೂರುತ್ತದೆ ಅಂತ ಹೇಳಲಾಗದು. ಹಸುಗೂಸನ್ನು ಇದರ ಮೇಲೆ ಮಲಗಿಸಬೇಡಿ, ಮುಖ ಹುದುಗಿದರೆ ಉಸಿರಿಗೆ ಅಪಾಯ. ಅಂಗಡಿಯಲ್ಲಿ ಮಲಗಿ ನೋಡುವಾಗ ಐದು ನಿಮಿಷ ಕಣ್ಣು ಮುಚ್ಚಿ ಆಹಾ ಅನ್ನಬೇಡಿ. ಅಷ್ಟು ಹೊತ್ತಿಗೆ ಎಲ್ಲವೂ ಆಹಾ. ಮೂರು ಸಲ ಹೊರಳಿ. ಕೈ ಊರಿ ಏಳಿ. ಅಂಚಿನಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳಿ. ಹಾಸಿಗೆ ಅತ್ತೆಗೋ ಮಾವನಿಗೋ ಆದರೆ ಅವರನ್ನೇ ಕರೆದುಕೊಂಡು ಹೋಗಿ.

ನಮ್ಮ ಬೆಂಗಳೂರಿನ ಹಾಸಿಗೆಯಲ್ಲಿ ನನ್ನ ಕಡೆ ಈಗ ಸಣ್ಣ ತಗ್ಗು ಬಿದ್ದಿದೆ. ಆರು ತಿಂಗಳಿಗೊಮ್ಮೆ ತಲೆ ಕಡೆಯನ್ನು ಕಾಲ ಕಡೆಗೆ ತಿರುಗಿಸಿ ದಿನ ದೂಡುತ್ತಿದ್ದೇವೆ. ಹೆಂಡತಿ ಇದನ್ನು ಬಿಡಲು ಒಪ್ಪುವುದಿಲ್ಲ. ಬಾಗಲಕೋಟೆಯದು ಅಟ್ಟ ಸೇರಿದೆ. ಡಿಸೆಂಬರಿನಲ್ಲಿ ನಾವು ಹೋದಾಗ ಮಾತ್ರ ಕೆಳಗೆ ಬರುತ್ತದೆ, ಆ ತಿಂಗಳು ಅಲ್ಲಿಯ ಹವೆ ಅದಕ್ಕೆ ಸರಿಹೋಗುತ್ತದೆ. ನಾನು ಅದರ ಮೇಲೆ ಮಲಗುತ್ತೇನೆ. ಪಕ್ಕದ ಮಂಚದಲ್ಲಿ ಅಪ್ಪ ಬೆಳಗ್ಗೆ ಐದಕ್ಕೆ ಗಾದಿಗೆ ಕೈ ಊರಿ ಎದ್ದು, ನನ್ನನ್ನು ನೋಡಿ, ‘ಎಬ್ಬಿಸ್ಲೇನು, ಕೈ ಕೊಡ್ಲೇನು?’ ಅಂತ ಕೇಳುತ್ತಾರೆ.